ಮಾರಾಟಕ್ಕೆ ಬಾರದ ಗಾಡಿಯ ವಿಮರ್ಶೆ

(ಪುಣೆಯ ಕನ್ನಡಿಗರ ಮುಂದೆ, ರಾಜ್ಯೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರೆಹರೂಪ)



ಈ ಉಪನ್ಯಾಸಮಾಲೆಯಲ್ಲಿ ನಾನೂ ಮಾತನಾಡಬೇಕೆಂದು ಕಾರ್ಯದರ್ಶಿಗಳು ಮನೆಗೆ ಬಂದು ಕೇಳಿದಾಗ, ಅವರು ಬಾಗಿಲು ತಪ್ಪಿ ಬಂದಿದ್ದಾರೆಂದೇ ನಾನು ಭಾವಿಸಿದೆ. ಈ ವೇದಿಕೆಯಿಂದ ತಾವು ಪಂಪನ ವಿಷಯ ಕೇಳಿದ್ದೀರಿ, ವಚನಗಳ ವ್ಯಾಖ್ಯಾನ ಕೇಳಿದ್ದೀರಿ, ದಾಸರ ಪದಗಳನ್ನು ಕೇಳಿದ್ದೀರಿ. ನಾನಾದರೋ ಈ ಊರಿನ ಕಾರಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಮೋಟಾರುಗಾಡಿಗಳ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ ಮಾಡಿ ನಿವೃತ್ತನಾದವನು. ನನಗೆ ತಿಳಿದಿರುವುದು ಉಕ್ಕು, ರಬ್ಬರು ಮತ್ತು ಮಿಲಿಮೀಟರು. ಹಾಗೆಂದಾಗ ಅವರು, "ಅದನ್ನೇ ಹೇಳಿ, ನಮ್ಮಲ್ಲಿ ಕಾರು ಕೊಳ್ಳದವರು ಯಾರಿದ್ದಾರೆ?" ಎಂದರು. ಆ ಮಾತು ಸರಿಯೆನಿಸಿತು. ಮನೆ ಬಿಟ್ಟರೆ ಮಧ್ಯಮ ವರ್ಗದ ಸಂಸಾರವೊಂದು ಮಾಡುವ ಅತಿ ದೊಡ್ಡ ಖರ್ಚು ಅದೇ. ಆ ಖರ್ಚಿಗೆ ಮುಂಚೆ ನಾವೆಲ್ಲರೂ ಮಾಡುವ ಕೆಲಸ ಒಂದುಂಟು: ಮೋಟಾರು ಪತ್ರಿಕೆಯ ವಿಮರ್ಶೆ ಓದುವುದು. ಆ ವಿಮರ್ಶೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಇಂದಿನ ನನ್ನ ವಿಷಯ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಅಕ್ಕನ ಯಜಮಾನರು, ಅಂದರೆ ನನ್ನ ಭಾವ, ಧಾರವಾಡದ ಕಡೆಯ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದು ನಿವೃತ್ತರಾಗಿ ಮಗನ ಜೊತೆ ಇಲ್ಲಿಗೆ ಬಂದವರು. ತಮ್ಮ ಪ್ರಾವಿಡೆಂಟ್ ಫಂಡಿನ ಹಣದಲ್ಲಿ ಒಂದು ಭಾಗ ತೆಗೆದು ಸಣ್ಣದೊಂದು ಕಾರು ಕೊಳ್ಳಬೇಕೆಂದು ಮನಸ್ಸು ಮಾಡಿದರು. ಅಕ್ಕನಿಗೆ ಮಂಡಿನೋವು, ರಿಕ್ಷಾ ಹತ್ತಿಳಿಯುವುದು ಕಷ್ಟ. ಅವರು ಕೇಳಿದ್ದು ನನ್ನನ್ನು. ನಾನು ಆಗಷ್ಟೇ ಓದಿದ್ದ ಪತ್ರಿಕೆಯೊಂದನ್ನು ಅವರ ಕೈಗಿತ್ತೆ. ಹೊಸದಾಗಿ ಬರಲಿದ್ದ ಗಾಡಿಯೊಂದರ ವಿಮರ್ಶೆ ಅದರಲ್ಲಿತ್ತು. ಸದ್ದಿಲ್ಲ, ಗೇರು ಬೆಣ್ಣೆಯಂತಿದೆ, ಬಾಗಿಲು ಮುಚ್ಚಿದರೆ ಗಟ್ಟಿ ಸಪ್ಪಳ, ಲೀಟರಿಗೆ ಇಷ್ಟು ಕಿಲೋಮೀಟರು ಎಂದು ನಾಲ್ಕು ಪುಟ ಹೊಗಳಿದ್ದರು. ಭಾವನವರು ಅದನ್ನು ಪಾಠದ ಪುಸ್ತಕದಂತೆ ಅಡಿಗೆರೆ ಹಾಕಿ ಓದಿ, ಗಾಡಿ ಮಾರಾಟಕ್ಕೆ ಬಂದ ಮೊದಲ ವಾರವೇ ಹಣ ಕಟ್ಟಿದರು.

ಗಾಡಿ ಬಂತು. ಮೂರು ತಿಂಗಳಲ್ಲಿ ಹಿಂಬಾಗಿಲು ಗಲಗಲ ಎನ್ನತೊಡಗಿತು. ಎರಡನೆಯ ಗೇರು ಹಾಕಲು ಹಟ ಮಾಡಿತು. ಪೆಟ್ರೋಲಿನ ಲೆಕ್ಕ ಪತ್ರಿಕೆಯ ಲೆಕ್ಕಕ್ಕೆ ಎಂದೂ ಕೂಡಿಬರಲಿಲ್ಲ. ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದು, ಚಹಾ ಕುಡಿಯುತ್ತ, ಕೋಪವೇನೂ ಇಲ್ಲದೆ ಕೇಳಿದರು: "ಏನಪಾ, ಆ ಪುಸ್ತಕದಾಗಿನ ಗಾಡಿ ಎಲ್ಲಿ ಹೋತು? ನನಗ ಬಂದದ್ದು ಅದರ ತಮ್ಮ ಇದ್ದಂಗ ಅದ."

ನಾನು ಆ ಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ. ಮೂರನೆಯ ಪುಟದ ತುದಿಯಲ್ಲಿ, ಚಿತ್ರದ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ತಾವು ಓಡಿಸಿದ್ದು ಪ್ರಿ-ಪ್ರೊಡಕ್ಷನ್ ಗಾಡಿ, ಅಂದರೆ ಮಾರಾಟದ ತಯಾರಿಕೆ ಆರಂಭವಾಗುವುದಕ್ಕೆ ಮುಂಚಿನದು ಎಂದು. ಭಾವನವರಿಗೆ ಆ ಪದದ ಅರ್ಥ ತಿಳಿಯದಿದ್ದುದು ಸಹಜ. ಆದರೆ ಅಂಥ ಗಾಡಿಗಳಿಗೆ ಬೇಕಾದ ಭಾಗಗಳನ್ನು ನನ್ನ ಕೈಯಾರೆ ಆರಿಸಿ ಕಳಿಸಿದ್ದ ನನಗೆ ಆ ಸಾಲು ಕಾಣಿಸಲಿಲ್ಲವಲ್ಲ! ಅದಕ್ಕಾಗಿಯೇ ಈ ಮಾತುಗಳನ್ನು ನಾನು ಆಡಲೇಬೇಕಾಗಿದೆ.

ಪ್ರಿ-ಪ್ರೊಡಕ್ಷನ್ ಗಾಡಿಯೆಂದರೇನು? ಹೊಸ ಗಾಡಿಯೊಂದು ಒಮ್ಮೆಲೇ ಹುಟ್ಟುವುದಿಲ್ಲ. ಮೊದಲು ಹಳೆಯ ಗಾಡಿಯ ಒಡಲೊಳಗೆ ಹೊಸ ಎಂಜಿನ್ನನ್ನೋ ಹೊಸ ಚಕ್ರವ್ಯವಸ್ಥೆಯನ್ನೋ ಕೂಡಿಸಿ ಓಡಿಸುತ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ಮ್ಯೂಲ್, ಎಂದರೆ ಹೇಸರಗತ್ತೆ ಎಂದೇ ಹೆಸರು. ಆಮೇಲೆ ಬಹುಮಟ್ಟಿಗೆ ಕೈಯಿಂದಲೇ ಕಟ್ಟಿದ ಪ್ರೋಟೋಟೈಪು ಬರುತ್ತದೆ. ಅದಾದ ಮೇಲೆ, ಮಾರಾಟದ ಗಾಡಿಗೆಂದೇ ಮಾಡಿಸಿದ ಅಚ್ಚುಗಳಿಂದ, ಆದರೆ ಇನ್ನೂ ನಿಧಾನವಾಗಿ, ಒಂದೊಂದನ್ನೂ ತಿದ್ದುತ್ತ, ಕೆಲವು ಗಾಡಿಗಳನ್ನು ಕಟ್ಟುತ್ತಾರೆ. ಇವೇ ಪ್ರಿ-ಪ್ರೊಡಕ್ಷನ್ ಗಾಡಿಗಳು. ಇವುಗಳ ಉದ್ದೇಶ ಯಾರನ್ನೂ ಮೋಸಗೊಳಿಸುವುದಲ್ಲ, ತಪ್ಪುಗಳನ್ನು ಹುಡುಕುವುದು. ಅಚ್ಚಿನಲ್ಲಿ ತಪ್ಪಿದೆಯೇ, ಜೋಡಣೆಯಲ್ಲಿ ತೊಡಕಿದೆಯೇ, ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂದು ಅಪ್ಪಣೆ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಲೆಕ್ಕ ಸರಿಯೇ ಎಂದು ನೋಡುವುದಕ್ಕಾಗಿ ಅವು ಇರುವುದು.

ಅಂಥ ಗಾಡಿಗಳಿಗೆ ಬೇಕಾದ ಭಾಗಗಳು ನಮ್ಮ ಕಾರಖಾನೆಯಿಂದ ಹೋಗುವಾಗ, ಐವತ್ತು ಮಾಡಿ ಅದರಲ್ಲಿ ಹತ್ತನ್ನು ಆರಿಸುತ್ತಿದ್ದೆವು. ಅಂಚಿನಲ್ಲಿ ಮುಳ್ಳು ಉಳಿದಿದ್ದರೆ ಅರದಿಂದ ಉಜ್ಜಿ ತೆಗೆಯುತ್ತಿದ್ದೆವು. ಇದು ಅಪರಾಧವಲ್ಲ, ಗಿರಾಕಿಯ ಮುಂದೆ ಮೊದಲ ಬಾರಿ ಇಡುವ ವಸ್ತುವನ್ನು ಯಾರು ತಾನೇ ಒರೆಸದೆ ಇಡುತ್ತಾರೆ? ಆದರೆ ದಿನಕ್ಕೆ ಸಾವಿರ ಭಾಗಗಳು ಹೊರಬೀಳತೊಡಗಿದ ಮೇಲೆ ಒಂದೊಂದರ ಅಂಚನ್ನೂ ಉಜ್ಜುವವರಿಲ್ಲ. ಆಗ ಅಳತೆಯ ಮಿತಿಯೊಳಗೆ ಇದ್ದುದೆಲ್ಲ ಪಾಸು. ಅಪ್ಪಟವಾದದ್ದೂ ಪಾಸು, ಅಂಚಿನ ಮೇಲೆ ನಿಂತದ್ದೂ ಪಾಸು. ಮದುವೆಯ ಅಡಿಗೆಯವರನ್ನು ಗೊತ್ತುಮಾಡುವಾಗ ಅವರು ಮಾದರಿಗೆಂದು ಮನೆಗೆ ತಂದುಕೊಡುವ ಆರು ಹೋಳಿಗೆಗೂ, ಮದುವೆಯ ದಿನ ಎಂಟುನೂರು ಎಲೆಗೆ ಬಡಿಸುವ ಹೋಳಿಗೆಗೂ ಇರುವ ಅಂತರವನ್ನು ತಾವು ಬಲ್ಲಿರಿ. ಹೂರಣ ಅದೇ, ಕೈಯೂ ಅದೇ ಇರಬಹುದು. ಆದರೆ ಹೋಳಿಗೆ ಅದೇ ಅಲ್ಲ.

ಹಾಗಾದರೆ ಪತ್ರಿಕೆಯವರು ಮಾರಾಟದ ಗಾಡಿ ಬರುವ ತನಕ ಕಾಯಬಾರದೇ ಎಂದು ತಾವು ಕೇಳಬಹುದು. ಮಾಸಪತ್ರಿಕೆಯ ಲೇಖನ ಅಚ್ಚಾಗಿ ಅಂಗಡಿ ಸೇರಲು ವಾರಗಳು ಹಿಡಿಯುತ್ತವೆ. ಗಾಡಿ ಮಾರುಕಟ್ಟೆಗೆ ಬರುವ ದಿನವೇ ಓದುಗನಿಗೆ ವಿಮರ್ಶೆ ಬೇಕು. ಒಂದು ತಿಂಗಳು ತಡವಾದರೆ ಓದುಗ ಪಕ್ಕದ ಪತ್ರಿಕೆಯನ್ನು ಕೊಳ್ಳುತ್ತಾನೆ. ಆ ಮುಂಚೆಯೇ ಗಾಡಿ ಇರುವುದು ಕಂಪನಿಯೊಬ್ಬರ ಬಳಿಯಲ್ಲಿ ಮಾತ್ರ. ಆದುದರಿಂದ ಕಂಪನಿ ಕರೆದ ದಿನ, ಕಂಪನಿ ಆರಿಸಿದ ರಸ್ತೆಯಲ್ಲಿ, ಕಂಪನಿ ಕೊಟ್ಟ ಗಾಡಿಯನ್ನು ಕೆಲವು ಗಂಟೆ ಓಡಿಸಿ, ಇಂಥ ದಿನದ ತನಕ ಪ್ರಕಟಿಸುವುದಿಲ್ಲವೆಂದು ಮಾತುಕೊಟ್ಟು ಬರೆಯಬೇಕಾಗುತ್ತದೆ. ಅವಸರ ಓದುಗನದೂ ಹೌದು ಎಂಬುದನ್ನು ನಾವು ಮರೆಯಬಾರದು.

ಈ ಕಥೆ ಇಂದಿನದಲ್ಲ. ಇದರ ಅತಿ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನದು, 1961ನೆಯ ಇಸವಿಯದು. ಆ ವರ್ಷದ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಜಾಗ್ವಾರ್ ಕಂಪನಿಯವರು ಈ-ಟೈಪ್ ಎಂಬ ಗಾಡಿಯನ್ನು ಜಗತ್ತಿಗೆ ತೋರಿಸಿದರು. ಅಂಥ ಚೆಲುವಾದ ಗಾಡಿ ಅದಕ್ಕೆ ಮುಂಚೆ ಬಂದಿರಲಿಲ್ಲವೆಂದು ಇಂದಿಗೂ ಅನೇಕರು ಹೇಳುತ್ತಾರೆ. ಅದರ ಜೊತೆಯಲ್ಲೇ ಇಂಗ್ಲೆಂಡಿನ ಎರಡು ಹೆಸರಾಂತ ಪತ್ರಿಕೆಗಳು ಅದರ ಪರೀಕ್ಷೆಯ ವರದಿಯನ್ನು ಪ್ರಕಟಿಸಿದವು. 'ಆಟೋಕಾರ್' ಪತ್ರಿಕೆ ಮುಚ್ಚಿದ ಗಾಡಿಯನ್ನು ಓಡಿಸಿ ಗಂಟೆಗೆ 150.4 ಮೈಲಿ ವೇಗ ಅಳೆಯಿತು. 'ದಿ ಮೋಟಾರ್' ಪತ್ರಿಕೆ ತೆರೆದ ಗಾಡಿಯಲ್ಲಿ 149.1 ಮೈಲಿ ಕಂಡಿತು. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 240 ಕಿಲೋಮೀಟರು! ಮುಚ್ಚಿದ ಗಾಡಿಯ ಬೆಲೆ ತೆರಿಗೆ ಸೇರಿ ಸುಮಾರು 2,200 ಪೌಂಡು. ಅದಕ್ಕಿಂತ ಬಹಳ ದುಬಾರಿಯಾದ ಗಾಡಿಗಳಿಗೂ ನಿಲುಕದ ವೇಗವದು. 150 ಮೈಲಿಯ ಗಾಡಿಯೆಂದು ಲೋಕವೆಲ್ಲ ಮಾತಾಡಿತು.

ಆದರೆ ಆ ಎರಡು ಗಾಡಿಗಳು ಅಂಗಡಿಯಲ್ಲಿ ಕೊಳ್ಳಬಹುದಾದ ಗಾಡಿಗಳಾಗಿರಲಿಲ್ಲ. 'ಆಟೋಕಾರ್' ಓಡಿಸಿದ್ದು 9600 ಎಚ್‌ಪಿ ಎಂಬ ನೋಂದಣಿಯ, ತಯಾರಿಕೆಗೆ ಮುಂಚಿನ ಗಾಡಿ. 'ದಿ ಮೋಟಾರ್' ಓಡಿಸಿದ್ದು 77 ಆರ್‌ಡಬ್ಲ್ಯು. ಎರಡನ್ನೂ ಕಂಪನಿಯವರು ಪರೀಕ್ಷೆಗೆಂದು ಜೋಪಾನವಾಗಿ ಸಿದ್ಧಪಡಿಸಿದ್ದರು. ಹಣ ಕೊಟ್ಟು ಕೊಂಡವರ ಗಾಡಿಗಳು ಸಾಮಾನ್ಯವಾಗಿ 140 ಮೈಲಿಯ ಆಸುಪಾಸಿನಲ್ಲೇ ನಿಂತವು. ಅದೂ ಆ ಕಾಲಕ್ಕೆ ಅದ್ಭುತವೇ. ಆದರೆ 150 ಅಲ್ಲ. ಪತ್ರಿಕೆಯವರು ಸುಳ್ಳು ಬರೆದರೇ? ಇಲ್ಲ. ಅಳೆದದ್ದನ್ನೇ ಬರೆದರು. ಗಡಿಯಾರ ಸರಿ, ಲೆಕ್ಕ ಸರಿ, ವರದಿಗಾರ ಪ್ರಾಮಾಣಿಕ. ಗಾಡಿ ಮಾತ್ರ ಬೇರೆ.

ಇಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಬಿಟ್ಟರೆ ಪತ್ರಿಕೆಗಳಿಗೆ ಅನ್ಯಾಯವಾದೀತು. ಈ-ಟೈಪಿನ ಗೇರುಪೆಟ್ಟಿಗೆ ಒರಟು, ಮೊದಲನೆಯ ಗೇರು ಸಲೀಸಾಗಿ ಬೀಳದು, ಕುರ್ಚಿಗಳು ಹಿತವಾಗಿಲ್ಲ, ಬ್ರೇಕು ಇನ್ನೂ ಚೆನ್ನಾಗಿರಬೇಕಿತ್ತು ಎಂಬ ದೂರುಗಳೂ ಅಂದಿನ ಪರೀಕ್ಷಕರಿಂದ ಬಂದವು. ಇವು ಮಾರಾಟದ ಗಾಡಿಗಳಲ್ಲಿ ಅಕ್ಷರಶಃ ನಿಜವಾದವು. 1964ರಲ್ಲಿ ಕಂಪನಿಯವರು 4.2 ಲೀಟರಿನ ಹೊಸ ಎಂಜಿನ್ನಿನೊಡನೆ ಹೊಸ ಗೇರುಪೆಟ್ಟಿಗೆ, ಉತ್ತಮ ಕುರ್ಚಿ, ಉತ್ತಮ ಬ್ರೇಕು ಕೊಟ್ಟು ಈ ದೂರುಗಳನ್ನೇ ತೀರಿಸಿದರು. ಗಮನಿಸಿ: ಅದೇ ಗಾಡಿ, ಅವೇ ವರದಿಗಳು. ಹೊಗಳಿಕೆಯ ವೇಗ ಗಿರಾಕಿಯ ಮನೆಗೆ ಬರಲಿಲ್ಲ. ತೆಗಳಿಕೆಯ ಗೇರುಪೆಟ್ಟಿಗೆ ತಪ್ಪದೆ ಬಂತು.

ನನ್ನ ಇಡೀ ಭಾಷಣದ ತಿರುಳು ಇಷ್ಟೇ. ಪ್ರಿ-ಪ್ರೊಡಕ್ಷನ್ ಗಾಡಿಯನ್ನು ವಿಮರ್ಶೆ ಮಾಡುವಾಗ ಒಂದು ವಿಚಿತ್ರ ನ್ಯಾಯ ನಡೆಯುತ್ತದೆ. ಗಾಡಿಯಲ್ಲಿ ಸದ್ದು ಕೇಳಿದರೆ, "ಇದು ಮಾರಾಟಕ್ಕೆ ಮುಂಚಿನ ಗಾಡಿ, ಇದನ್ನು ಸರಿಪಡಿಸುತ್ತೇವೆಂದು ಕಂಪನಿಯವರು ಹೇಳಿದ್ದಾರೆ" ಎಂದು ಬರೆಯುತ್ತಾರೆ. ಗಾಡಿ ನಿಶ್ಶಬ್ದವಾಗಿದ್ದರೆ, "ಇದು ಮಾರಾಟಕ್ಕೆ ಮುಂಚಿನ ಗಾಡಿ; ಮಾರಾಟದ ಗಾಡಿ ಹೀಗಿರಲಿಕ್ಕಿಲ್ಲ" ಎಂದು ಬರೆದವರನ್ನು ನಾನಂತೂ ಕಂಡಿಲ್ಲ. ಗುಣ ಕಂಡರೆ ಗಾಡಿಯದು, ದೋಷ ಕಂಡರೆ ಮಾದರಿಯದು! ತಕ್ಕಡಿಯ ಒಂದು ತಟ್ಟೆಗೆ ಮಾತ್ರ ರಿಯಾಯಿತಿ. ನ್ಯಾಯವಾಗಿ ನೋಡಿದರೆ ರಿಯಾಯಿತಿ ಎರಡು ಕಡೆಗೂ ಸಲ್ಲಬೇಕು. ಹೇಳಬೇಕೆಂದರೆ ಹೊಗಳಿಕೆಯ ಕಡೆಗೇ ಹೆಚ್ಚು ಸಲ್ಲಬೇಕು. ಏಕೆಂದರೆ ಆರಿಸಿ, ಉಜ್ಜಿ, ತಿದ್ದಿ ಕೊಟ್ಟ ಗಾಡಿಯಲ್ಲೂ ಕಂಡ ದೋಷ, ಆರಿಸದೆ ಕೊಟ್ಟ ಗಾಡಿಯಲ್ಲಿ ಕಾಣದಿರುವ ಸಂಭವ ಕಡಿಮೆ.

ಗಾಡಿ ಯಾರದು ಎಂಬ ಪ್ರಶ್ನೆಯನ್ನು ಕೇಳದಿದ್ದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. 1964ರ ಮಾರ್ಚಿನಲ್ಲಿ 'ಕಾರ್ ಅಂಡ್ ಡ್ರೈವರ್' ಪತ್ರಿಕೆ ಪಾಂಟಿಯಾಕ್ ಜಿಟಿಓ ಎಂಬ ಗಾಡಿಯ ಪರೀಕ್ಷೆಯನ್ನು ಪ್ರಕಟಿಸಿತು. ನಿಂತಲ್ಲಿಂದ 60 ಮೈಲಿ ವೇಗಕ್ಕೆ 4.6 ಸೆಕೆಂಡು ಎಂದು ಬರೆಯಿತು. ಓದುಗರು ಬೆರಗಾದರು. ಜಿಟಿಓ ಗಾಡಿಗೆ ಇರಬೇಕಾದದ್ದು 389 ಘನ ಅಂಗುಲದ ಎಂಜಿನ್ನು. ಪತ್ರಿಕೆಗೆ ಕೊಟ್ಟ ಗಾಡಿಯಲ್ಲಿ ಇದ್ದದ್ದು 421 ಘನ ಅಂಗುಲದ್ದು! ಈ ಸಂಗತಿಯನ್ನು ಆ ಕಾಲದಲ್ಲಿ ಪಾಂಟಿಯಾಕಿನ ಪ್ರಚಾರ ನೋಡುತ್ತಿದ್ದ ಜಿಮ್ ವ್ಯಾಂಗರ್ಸ್ ಎಂಬವರೇ ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡರು. ಇದು ತಯಾರಿಕೆಗೆ ಮುಂಚಿನ ಗಾಡಿಯ ಕಥೆಯಲ್ಲ, ವೇಷ ಹಾಕಿದ ಗಾಡಿಯ ಕಥೆ. ಎಂದರೂ ಓದುಗನಿಗೆ ಪಾಠ ಒಂದೇ.

ಎಲ್ಲ ಅಂತರವೂ ಕಪಟದಿಂದಲೇ ಹುಟ್ಟುವುದಿಲ್ಲ. 2003ರಲ್ಲಿ ಮಾಜ್ದಾ ಕಂಪನಿಯವರು ಆರ್‌ಎಕ್ಸ್-8 ಗಾಡಿಯನ್ನು ಅಮೆರಿಕದಲ್ಲಿ ಮಾರತೊಡಗಿದಾಗ ಅದರ ಶಕ್ತಿ 247 ಅಶ್ವಶಕ್ತಿಯೆಂದು ಸಾರಿದ್ದರು. ಹೊಗೆಯ ನಿಯಮಗಳಿಗಾಗಿ ಕೊನೆಗಳಿಗೆಯಲ್ಲಿ ಎಂಜಿನ್ನಿನ ಹೊಂದಾಣಿಕೆಯನ್ನು ಬದಲಿಸಬೇಕಾಯಿತು. ಮಾರಾಟದ ಗಾಡಿಯಲ್ಲಿ ಉಳಿದದ್ದು 238. ಕಂಪನಿಯವರು ಅದನ್ನು ಬಹಿರಂಗವಾಗಿ ಒಪ್ಪಿ, ಬೇಡವೆಂದವರ ಗಾಡಿಗಳನ್ನು ಹಿಂದಕ್ಕೆ ಕೊಳ್ಳುವುದಾಗಿ ಹೇಳಿದರು. ಕಂಪನಿ ತಿದ್ದಿಕೊಂಡಿತು. ಆದರೆ ಅಷ್ಟರಲ್ಲಿ ಅಚ್ಚಾಗಿ ಮನೆಮನೆಗೆ ಹೋಗಿದ್ದ ಪತ್ರಿಕೆಯ ಹಳೆಯ ಸಂಚಿಕೆಯನ್ನು ತಿದ್ದುವವರು ಯಾರು?

ಇನ್ನು ಬೇರೆ ದಾರಿಯಿಲ್ಲವೇ ಎಂದರೆ, ಉಂಟು. ಅಮೆರಿಕದಲ್ಲಿ 1936ರಲ್ಲಿ ಆರಂಭವಾದ ಬಳಕೆದಾರರ ಸಂಸ್ಥೆಯೊಂದಿದೆ. ಅದರ ಪತ್ರಿಕೆಯ ಹೆಸರು 'ಕನ್ಸ್ಯೂಮರ್ ರಿಪೋರ್ಟ್ಸ್'. ಅವರು ಜಾಹೀರಾತು ಸ್ವೀಕರಿಸುವುದಿಲ್ಲ. ಅಂಕ ಕೊಡಬೇಕಾದ ಗಾಡಿಯನ್ನು, ತಾವು ಯಾರೆಂದು ಹೇಳದೆ, ತಮ್ಮಂಥ ನಮ್ಮಂಥವರ ಹಾಗೆಯೇ ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆ. ವರದಿ ತಡವಾಗುತ್ತದೆ; ಆದರೆ ಅದು ಮಾರಾಟದ ಗಾಡಿಯ ವರದಿ. ಪತ್ರಿಕೆಯವರು ಸ್ವಂತ ಬುದ್ಧಿಯಿಂದ ಪರೀಕ್ಷೆ ನಡೆಸಿದರೆ ಎಷ್ಟು ಉಪಕಾರವಾಗಬಲ್ಲದು ಎಂಬುದನ್ನೂ ಹೇಳಬೇಕು. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ 'ಟೆಕ್ನಿಕೆನ್ಸ್ ವಾರ್ಲ್ಡ್' ಪತ್ರಿಕೆಯವರು, ರಸ್ತೆಗೆ ಅಡ್ಡಬಂದ ಕಡವೆಯಂಥ ಪ್ರಾಣಿಯನ್ನು ತಪ್ಪಿಸುವಂತೆ ಥಟ್ಟನೆ ತಿರುವಿ ನೋಡುವ ತಮ್ಮ ಪರೀಕ್ಷೆಗೆ, ಹೊಸದಾಗಿ ಬಂದಿದ್ದ ಮರ್ಸಿಡಿಸ್ ಎ-ಕ್ಲಾಸ್ ಗಾಡಿಯನ್ನು ಒಡ್ಡಿದರು. ಗಾಡಿ ಮಗುಚಿಬಿತ್ತು. ಕಂಪನಿ ಕೆಲವು ವಾರ ಮಾರಾಟವನ್ನು ನಿಲ್ಲಿಸಿ, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ ಎಂಬ ವ್ಯವಸ್ಥೆಯನ್ನು ಎಲ್ಲ ಗಾಡಿಗಳಿಗೂ ಅಳವಡಿಸಿತು. ಎಷ್ಟು ಜೀವ ಉಳಿದಿತೋ ಲೆಕ್ಕವಿಲ್ಲ.

ನಮ್ಮ ದೇಶದ ಕಾನೂನಿಗೂ ಈ ಭೇದ ಗೊತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೆಯ ನಿಯಮ, ಪ್ರತಿಯೊಂದು ಹೊಸ ಗಾಡಿಯ ಪ್ರೋಟೋಟೈಪನ್ನು ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕೆನ್ನುತ್ತದೆ. ನಮ್ಮ ಊರಿನ ಗುಡ್ಡದ ಮೇಲಿರುವ, 1966ರಲ್ಲಿ ಸ್ಥಾಪಿತವಾದ ಎಆರ್‌ಎಐ ಸಂಸ್ಥೆ ಅಂಥವುಗಳಲ್ಲೊಂದು. ಆದರೆ ನಿಯಮ ಅಲ್ಲಿಗೇ ನಿಲ್ಲಲಿಲ್ಲ. 126-ಎ ನಿಯಮದಂತೆ, ಕಾರಖಾನೆಯ ತಯಾರಿಕೆಯ ಸಾಲಿನಿಂದಲೇ ಗಾಡಿಗಳನ್ನು ತೆಗೆದು, ಅವೂ ಹಾಗೆಯೇ ಇವೆಯೇ ಎಂದು ಮತ್ತೆ ನೋಡಬೇಕು. ಮಾದರಿಯನ್ನು ನೋಡಿದರೆ ಸಾಲದು, ಮಾಲನ್ನೂ ನೋಡಬೇಕು ಎಂಬ ವಿವೇಕ ಸರಕಾರಕ್ಕೇ ಇರುವಾಗ ನಮಗೇಕೆ ಇರಬಾರದು?

ಇತ್ತೀಚೆಗೆ ಇನ್ನೊಂದು ತೊಡಕು ಬಂದಿದೆ. 2018ರಲ್ಲಿ ಅದೇ 'ಕನ್ಸ್ಯೂಮರ್ ರಿಪೋರ್ಟ್ಸ್'ನವರು ತಾವು ಕೊಂಡ ಟೆಸ್ಲಾ ಮಾಡೆಲ್ 3 ಗಾಡಿಯಲ್ಲಿ 60 ಮೈಲಿ ವೇಗದಿಂದ ನಿಲ್ಲಲು 152 ಅಡಿ ಬೇಕಾಯಿತೆಂದು ದೂರಿದರು. ಕಂಪನಿಯವರು ಗಾಳಿಯ ಮೂಲಕವೇ ಹೊಸ ಸಾಫ್ಟ್‌ವೇರ್ ಕಳಿಸಿದರು. ಗಾಡಿಯ ಒಂದು ಮೊಳೆಯನ್ನೂ ಮುಟ್ಟಲಿಲ್ಲ; ದೂರ 133 ಅಡಿಗೆ ಇಳಿಯಿತು. ಸಂತೋಷ. ಆದರೆ ಇದರ ಅರ್ಥವೇನು? ಗಿರಾಕಿಯ ಮನೆಯಂಗಳದಲ್ಲಿ ನಿಂತ ಗಾಡಿಯೂ ಇನ್ನು ಮುಂದೆ ಪೂರ್ತಿ ಮುಗಿದ ಗಾಡಿಯಲ್ಲ. ನಿನ್ನೆಯ ವಿಮರ್ಶೆ ಇಂದಿನ ಗಾಡಿಗೆ ಸಲ್ಲದೆ ಹೋಗಬಹುದು. ಒಳ್ಳೆಯದಕ್ಕೂ ಆಗಬಹುದು, ಕೆಟ್ಟದ್ದಕ್ಕೂ ಆಗಬಹುದು. ಆದುದರಿಂದ ಓದುವಾಗ ವಿಮರ್ಶೆಯ ತಾರೀಖನ್ನೂ ನೋಡುವ ಅಭ್ಯಾಸ ಬೇಕಾಗಿದೆ.

ಹಾಗಾದರೆ ಪತ್ರಿಕೆಗಳನ್ನು ಓದಲೇಬಾರದೇ? ಖಂಡಿತ ಓದಬೇಕು. ಹೇಗೆ ಓದಬೇಕೆಂಬುದಷ್ಟೇ ಪ್ರಶ್ನೆ. ತಯಾರಿಕೆಗೆ ಮುಂಚಿನ ಗಾಡಿಯ ವಿಮರ್ಶೆಯಲ್ಲಿ ನಂಬಬಹುದಾದ ಸಂಗತಿಗಳಿವೆ: ಗಾಡಿಯ ಉದ್ದಗಲ, ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಸಿಗುವ ಜಾಗ, ಹತ್ತಿಳಿಯುವ ಸುಲಭ, ಡಿಕ್ಕಿಯ ವಿಸ್ತಾರ, ಡ್ರೈವರಿಗೆ ರಸ್ತೆ ಎಷ್ಟು ಕಾಣುತ್ತದೆ ಎಂಬುದು. ಇವು ಅಚ್ಚಿನಲ್ಲೇ ಹುಟ್ಟಿದ ಗುಣಗಳು. ಕೊನೆಗಳಿಗೆಯಲ್ಲಿ ಬದಲಾಗುವುದು ಅಪರೂಪ. ಕಾಯಬೇಕಾದ ಸಂಗತಿಗಳೂ ಇವೆ: ಪೆಟ್ರೋಲಿನ ಖರ್ಚು, ಸದ್ದು, ಬಾಗಿಲುಗಳ ಜೋಡಣೆ, ಗೇರಿನ ನಯ, ಬ್ರೇಕಿನ ಹಿಡಿತ, ಬಾಳಿಕೆ. ಇವು ಸಾವಿರಾರು ಗಾಡಿಗಳು ಹೊರಬಂದ ಮೇಲೆಯೇ ತಿಳಿಯತಕ್ಕವು. ಜೊತೆಗೆ ಒಂದು ಎಚ್ಚರ: ಪತ್ರಿಕೆಗೆ ಕೊಡುವುದು ಹೆಚ್ಚಾಗಿ ಎಲ್ಲ ಸೌಕರ್ಯಗಳಿರುವ ಮೇಲ್ದರ್ಜೆಯ ಗಾಡಿ, ನಾವು ಕೊಳ್ಳುವುದು ನಡುವಿನದು.

ಪತ್ರಿಕೆಯವರಲ್ಲಿಯೂ ನನ್ನ ವಿನಂತಿ ಒಂದೇ. ಯಾವ ಗಾಡಿ ಓಡಿಸಿದಿರಿ, ಅದನ್ನು ಯಾರು ಕೊಟ್ಟರು, ಎಲ್ಲಿ, ಎಷ್ಟು ದೂರ ಓಡಿಸಿದಿರಿ ಎಂಬುದನ್ನು ಮೊದಲ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆರು ತಿಂಗಳ ಮೇಲೆ ಅಂಗಡಿಯ ಗಾಡಿಯೊಂದನ್ನು ತೆಗೆದುಕೊಂಡು ನಿಮ್ಮ ಹಳೆಯ ಮಾತನ್ನು ನೀವೇ ಪರೀಕ್ಷಿಸಿರಿ. ಇಷ್ಟಾದರೆ ಓದುಗ ನಿಮ್ಮನ್ನು ಹೆಚ್ಚು ನಂಬುತ್ತಾನೆಯೇ ಹೊರತು ಕಡಿಮೆಯಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಾರೆ ಕಂಡದ್ದನ್ನೇ ಪ್ರಮಾಣಿಸಬೇಕಾದಾಗ, ಮತ್ತೊಬ್ಬರು ಕಂಡು, ಅದೂ ಬೇರೆ ಗಾಡಿಯನ್ನು ಕಂಡು ಬರೆದದ್ದನ್ನು ಪ್ರಮಾಣಿಸದೆ ಬಿಡಬಹುದೇ?

ಭಾವನವರ ಗಾಡಿ ಕೆಟ್ಟ ಗಾಡಿಯೇನಲ್ಲ. ಹಿಂಬಾಗಿಲಿನ ರಬ್ಬರನ್ನು ಬದಲಿಸಿಕೊಟ್ಟರು. ಗೇರು ಕಾಲಕ್ರಮದಲ್ಲಿ ಸ್ವಲ್ಪ ಮೆತ್ತಗಾಯಿತು. ಅಕ್ಕ ಮಂಡಿ ನೋಯದೆ ಹತ್ತಿಳಿಯುತ್ತಾಳೆ. ಆ ಒಂದು ಸಂಗತಿಯನ್ನು ಪತ್ರಿಕೆ ಸರಿಯಾಗಿಯೇ ಬರೆದಿತ್ತು. ಕಳೆದ ತಿಂಗಳು ಅವರ ಮೊಮ್ಮಗ ಹೊಸ ಸ್ಕೂಟರಿನ ವಿಮರ್ಶೆಯೊಂದನ್ನು ತಂದು ತೋರಿಸಿದ. ಭಾವನವರು ಕನ್ನಡಕ ಹಾಕಿಕೊಂಡು, ಚಿತ್ರಗಳನ್ನೆಲ್ಲ ಬಿಟ್ಟು, ಪುಟದ ತುದಿಯ ಸಣ್ಣ ಅಕ್ಷರಗಳನ್ನು ಹುಡುಕುತ್ತ ಕುಳಿತರು. ಅವರ ಪ್ರಾವಿಡೆಂಟ್ ಫಂಡಿನ ಹಣ ಕೊಟ್ಟು ಕಲಿತ ಪಾಠ ಅದು. ತಮಗೆ ಅದು ಪುಕ್ಕಟೆಯಾಗಿ ಸಿಗಲಿ ಎಂಬುದೇ ನನ್ನ ಆಸೆ.